ಕೆಂಪು ಬಸ್ಸೇ ಆರ್.ವಿ.: ಬೆಳಕವಾಡಿ ಕಡೆಯ ನಿವೃತ್ತ ದಂಪತಿಗಳ ನಿರಂತರ ಸಂಚಾರ ಕುರಿತು ಅತಿ ಗಂಭೀರ ಪ್ರಬಂಧ

ಅಮೆರಿಕದಲ್ಲಿ ಕೆಲಸದಿಂದ ನಿವೃತ್ತರಾದ ಗಂಡಹೆಂಡಿರು ಇದ್ದ ಮನೆ ಮಾರಿ, ಹತ್ತು ಹನ್ನೆರಡು ಮೀಟರ್ ಉದ್ದದ ಮೋಟಾರು ಮನೆಯೊಂದನ್ನು ಕೊಂಡು, ವರ್ಷವಿಡೀ ರಸ್ತೆಯ ಮೇಲೆಯೇ ಸಂಸಾರ ಮಾಡುವುದುಂಟು. ಆ ಗಾಡಿಗೆ ಅಲ್ಲಿ ಆರ್.ವಿ. ಎನ್ನುತ್ತಾರೆ. ಈ ವಿದ್ಯೆಗೆ ಅಲ್ಲಿ ಇತಿಹಾಸವಿದೆ. ವಾಲಿ ಬೈಯಮ್ ಎಂಬಾತ 1930ರ ದಶಕದಲ್ಲೇ ಏರ್‌ಸ್ಟ್ರೀಮ್ ಎಂಬ ಬೆಳ್ಳಿಬಣ್ಣದ ಗಾಡಿಮನೆ ಮಾಡಿ ಮಾರಿದ. ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ಎಸ್ಕೇಪೀಸ್ ಎಂಬ ಸಂಘವನ್ನೇ ಕಟ್ಟಿದರು. ಇಷ್ಟೆಲ್ಲ ಗ್ರಂಥಸ್ಥವಾಗಿರುವಾಗ, ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಕಡೆಯಲ್ಲಿ ಅದೇ ಶಾಸ್ತ್ರವನ್ನು ಮನೆ ಮಾರದೆ, ಗಾಡಿ ಕೊಳ್ಳದೆ, ಪೆಟ್ರೋಲ್ ಬಂಕಿನ ಮುಖ ನೋಡದೆ ಆಚರಿಸುತ್ತ ಬಂದವರ ಬಗ್ಗೆ ವಿದ್ವಾಂಸರು ಒಂದು ಅಡಿಟಿಪ್ಪಣಿಯನ್ನೂ ಬರೆಯದಿರುವುದು ಖೇದಕರ. ಆ ಕೊರತೆಯನ್ನು ನೀಗುವ ಭಾರ ಪ್ರಸ್ತುತ ಪ್ರಬಂಧದ ಮೇಲೆ ಬಿದ್ದಿದೆ.

ಮೊದಲಿಗೆ ಕ್ಷೇತ್ರ ಪರಿಚಯ. ಬೆಳಕವಾಡಿಯ ಪಕ್ಕದಲ್ಲೇ ಶಿವನಸಮುದ್ರ. ಅಲ್ಲಿ ಕಾವೇರಿ ಧುಮುಕಿದ ರಭಸಕ್ಕೆ 1902ರಲ್ಲಿ ಹುಟ್ಟಿದ ಕರೆಂಟು ಪಕ್ಕದ ಊರುಗಳ ಕಡೆ ತಿರುಗಿಯೂ ನೋಡದೆ, ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನಡೆದು ನೇರ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಉರಿಯಿತು. ಇಲ್ಲಿ ಹುಟ್ಟಿದ್ದು ಇಲ್ಲಿ ನಿಲ್ಲುವುದಿಲ್ಲ ಎಂಬ ಸಂಪ್ರದಾಯ ಹೀಗೆ ಸರ್ಕಾರಿ ಖರ್ಚಿನಲ್ಲೇ ಆರಂಭವಾಯಿತು. ಕರೆಂಟಿನ ಹಿಂದೆ ಓದಿದ ಮಕ್ಕಳು ಹೋದರು. ಮಕ್ಕಳ ಹಿಂದೆ, ಅರವತ್ತು ತುಂಬಿ ಪಿಂಚಣಿ ಕಾಗದ ಕೈಗೆ ಬಂದ ಮೇಲೆ, ಅಪ್ಪ ಅವ್ವ ಹೊರಟರು. ಕರೆಂಟಿಗೂ ಇವರಿಗೂ ಒಂದೇ ವ್ಯತ್ಯಾಸ: ಇವರು ವಾಪಸು ಬರುತ್ತಾರೆ. ಬಂದು ಮತ್ತೆ ಹೋಗುತ್ತಾರೆ.

ಇನ್ನು ಅಧ್ಯಯನ ವಿಧಾನ. ಈ ಪ್ರಬಂಧದ ನಾಯಕ ನಾಯಕಿಯರಾದ ನಿವೃತ್ತ ಮೇಷ್ಟ್ರು ಮತ್ತು ಅವರ ಮಡದಿ ಅವ್ವ ಯಾವುದೋ ಒಂದು ಮನೆಯವರಲ್ಲ. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಯಾವ ಬೆಳಿಗ್ಗೆ ಹೋದರೂ ಕಾಣುವ ಜೋಡಿಗಳನ್ನು ಬೆರೆಸಿ ಕಟ್ಟಿದ ಮಾದರಿ. ಅರ್ಥಶಾಸ್ತ್ರಜ್ಞರು ‘ಸರಾಸರಿ ಗ್ರಾಹಕ’ ಎಂಬ ಇಲ್ಲದ ಮನುಷ್ಯನನ್ನು ಇಷ್ಟು ವರ್ಷ ಸಾಕಿರುವಾಗ, ಒಬ್ಬ ಸರಾಸರಿ ಮೇಷ್ಟ್ರನ್ನು ಸಾಕಿಕೊಳ್ಳಲು ಯಾರ ಅಡ್ಡಿಯೂ ಇರಲಾರದು.

ಪೂರ್ವಪಕ್ಷದವರು ಎದ್ದು ನಿಂತು ಹೇಳುವುದು ಇಷ್ಟು: ಮನೆಬಿಟ್ಟು ಸದಾ ಸಂಚಾರ ಮಾಡಿದ ಕನ್ನಡಿಗರು ಬೇಕಾದರೆ ಮೈಸೂರಿನ ಕೃಷ್ಣಕುಮಾರ್ ಅವರನ್ನು ನೋಡಿ. ಕಂಪನಿ ಕೆಲಸ ಬಿಟ್ಟು, 2018ರ ಜನವರಿಯಲ್ಲಿ ತಾಯಿ ಚೂಡಾರತ್ನಮ್ಮನವರನ್ನು ಅಪ್ಪ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ಕೂರಿಸಿಕೊಂಡು ದೇಶ ಸುತ್ತಲು ಹೊರಟವರು ಅವರು. ಉದ್ಯಮಿ ಆನಂದ್ ಮಹೀಂದ್ರ ಸುದ್ದಿ ಕೇಳಿ ಕಾರು ಕೊಡುತ್ತೇನೆಂದರು. ಇಲ್ಲವೇ ಕೊಚ್ಚಿಯ ವಿಜಯನ್ ಮತ್ತು ಮೋಹನಾ ದಂಪತಿಯನ್ನು ನೋಡಿ. ಚಹಾದಂಗಡಿಯ ದುಡಿಮೆಯಲ್ಲೇ ಇಪ್ಪತ್ತಕ್ಕೂ ಹೆಚ್ಚು ದೇಶ ಕಂಡವರು. ಇಂಥವರಿರುವಾಗ ಬೆಳಕವಾಡಿಯಿಂದ ಬೆಂಗಳೂರಿಗೆ ಹೋಗಿಬರುವವರದ್ದೂ ಒಂದು ಸಂಚಾರವೇ?

ಉತ್ತರ ಹೀಗಿದೆ. ಮೊದಲನೆಯವರು ತಾಯಿ ಮಗ. ಅವರದು ಮಾತೃಸೇವೆ, ಪುಣ್ಯದ ಬಾಬತ್ತು; ನಿವೃತ್ತ ದಂಪತಿಯ ಲಕ್ಷಣಕ್ಕೆ ಸೇರದು. ಎರಡನೆಯವರು ಅಂಗಡಿ ನಡೆಸಿಕೊಂಡೇ ಸುತ್ತಿದವರು, ನಿವೃತ್ತರಾದವರೇ ಅಲ್ಲ. ಮೇಲಾಗಿ ಈ ಇಬ್ಬರೂ ಖುಷಿಯಿಂದ ಹೊರಟವರು. ನಮ್ಮ ಮೇಷ್ಟ್ರು ಮತ್ತು ಅವ್ವ ಹೊರಡುವುದು ಮಕ್ಕಳ ಫೋನು ಬಂದಾಗ. ಈ ಅಂಶ ಪ್ರಬಂಧದುದ್ದಕ್ಕೂ ಬೇಕಾಗುತ್ತದೆ.

ಮನುಸ್ಮೃತಿಯ ಆರನೆಯ ಅಧ್ಯಾಯವನ್ನೂ ಇಲ್ಲಿ ಒರೆಗೆ ಹಚ್ಚಬೇಕು. ವಾನಪ್ರಸ್ಥನಾಗುವವನು ಹೆಂಡತಿಯನ್ನು ಮಕ್ಕಳ ವಶಕ್ಕೆ ಒಪ್ಪಿಸಿಯಾದರೂ ಕಾಡಿಗೆ ಹೋಗಬಹುದು, ಜೊತೆಗೆ ಕರೆದುಕೊಂಡಾದರೂ ಹೋಗಬಹುದು ಎಂದು ಅಲ್ಲಿ ಆಯ್ಕೆ ಕೊಟ್ಟಿದೆ. ಮಳವಳ್ಳಿ ತಾಲ್ಲೂಕಿನಲ್ಲಿ ಕಾಡೇನೋ ಇದೆ, ಹಲಗೂರು ಮುತ್ತತ್ತಿಯ ಕಡೆ. ಆದರೆ ಅದು 1987ರಿಂದ ಕಾವೇರಿ ವನ್ಯಜೀವಿಧಾಮ. ಅಲ್ಲಿ ಆನೆಗೆ ಪ್ರವೇಶ ಸುಲಭ, ಋಷಿಗೆ ಕಷ್ಟ. ಹಾಗಾಗಿ ಕಾಡು ಎಂದಿರುವಲ್ಲಿ ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆ ಎಂದು ಓದಿಕೊಳ್ಳಬೇಕಾಗಿದೆ. ಆಯ್ಕೆಯೂ ತಿರುವುಮುರುವಾಗಿದೆ. ಮೊಮ್ಮಗು ಹುಟ್ಟಿದಾಗ ಮಕ್ಕಳು ಒಪ್ಪಿಸಿಕೊಳ್ಳುವುದು ಅವ್ವನನ್ನು. ಮೇಷ್ಟ್ರು ಬೇಕಾದರೆ ಜೊತೆಗೆ ಬರಬಹುದು.

ಈಗ ವಾಹನ ಮೀಮಾಂಸೆ. ಆರ್.ವಿ.ಗೆ ಎಂಜಿನ್ ಬೇಕು. ನಮ್ಮ ಸರ್ಕಾರಿ ಸಾರಿಗೆಯ ಕೆಂಪು ಬಸ್ಸಿಗೆ ಇದೆ. ಓಡಿಸಲು ಜನ ಬೇಕು. ಇದ್ದಾರೆ, ಅವರಿಗೆ ಸಂಬಳವನ್ನು ಬೇರೆಯವರು ಕೊಡುತ್ತಾರೆ. ದೊಡ್ಡ ಆರ್.ವಿ. ಹತ್ತು ಟನ್ ಮೀರುವುದೂ ಉಂಟು, ಅದನ್ನು ಹಿಂದಕ್ಕೆ ತೆಗೆಯುವಾಗ ಗಂಡಹೆಂಡಿರ ನಡುವೆ ಮಾತು ನಿಂತುಹೋಗುವುದೂ ಉಂಟು. ಕೆಂಪು ಬಸ್ಸನ್ನು ಹಿಂದಕ್ಕೆ ತೆಗೆಯಲು ಕಂಡಕ್ಟರ್ ಇದ್ದಾರೆ, ಸೀಟಿ ಇದೆ, ಸಂಸಾರಕ್ಕೆ ಧಕ್ಕೆಯಿಲ್ಲ. ಖರ್ಚಿನ ವಿಷಯಕ್ಕೆ ಬಂದರೆ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಬಿಟ್ಟಿ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಮೇಲೆ ಅವ್ವನ ಟಿಕೆಟ್ಟು ಸೊನ್ನೆ. ಅರವತ್ತು ದಾಟಿದ ಮೇಷ್ಟ್ರಿಗೆ ನೂರಕ್ಕೆ ಇಪ್ಪತ್ತೈದು ರಿಯಾಯಿತಿ. ನಲವತ್ತು ವರ್ಷ ಮನೆಯ ಯಜಮಾನ ಎನಿಸಿಕೊಂಡವರು, ಗುರುತಿನ ಚೀಟಿ ತೋರಿಸಿ ಮುಕ್ಕಾಲು ಟಿಕೆಟ್ಟು ಹರಿಸಿಕೊಂಡು, ಪುಕ್ಕಟೆ ಟಿಕೆಟ್ಟಿನ ಒಡತಿಯ ಪಕ್ಕ ಕೂರಬೇಕಾದ ಸ್ಥಿತಿ ಇದು. ಅರ್ಧ ಸೀಟು ಗಂಡಸರಿಗೆ ಮೀಸಲು ಎಂದು ಆ ಯೋಜನೆಯಲ್ಲೇ ಹೇಳಿದೆ. ಆದರೆ ಬಸ್ಸಿಗೆ ಹತ್ತುವ ನೂಕುನುಗ್ಗಲಿನಲ್ಲಿ ಮೊದಲು ಒಳಗೆ ಹೋಗಿ ಸೀಟಿನ ಮೇಲೆ ಟವೆಲ್ಲು ಹಾಸುವವರು ಅವ್ವನೇ.

ಸಾಮಾನಿನ ಪ್ರಮಾಣವನ್ನು ಸಂಚಾರ ಶಾಸ್ತ್ರದ ಹೃದಯ ಎನ್ನಬೇಕು. ಸಾರಿಗೆ ನಿಗಮ ಒಬ್ಬ ಪ್ರಯಾಣಿಕರಿಗೆ 30 ಕಿಲೋ ಲಗೇಜು ಬಿಟ್ಟಿಯಾಗಿ ಒಯ್ಯಲು ಬಿಡುತ್ತದೆ. ಅಂದರೆ ಜೋಡಿಗೆ 60. ಹೊರಡುವಾಗ ಇದು ರಾಗಿಹಿಟ್ಟು, ಆಲೆಮನೆಯ ಅಚ್ಚುಬೆಲ್ಲ, ಹುರುಳಿಕಾಳು, ತೆಂಗಿನಕಾಯಿ, ಹಪ್ಪಳ, ಕಾಲಕ್ಕೆ ತಕ್ಕಂತೆ ಅವರೆಕಾಯಿ ಎಂದು ಹಂಚಿಹೋಗುತ್ತದೆ. ತಮ್ಮ ಬಟ್ಟೆಗೆ ಉಳಿಯುವುದು ಒಂದು ಸಣ್ಣ ಚೀಲ. ಕಂಡಕ್ಟರು “ಏನವ್ವಾ, ಮನೆನೇ ಒತ್ಕೊಂಡ್ ಬಂದ್ಬುಟ್ಟಿದ್ದೀಯಲ್ಲ” ಎಂದಾಗ ಆತ ಅರಿಯದೆಯೇ ಈ ಪ್ರಬಂಧದ ಮುಖ್ಯ ಸಿದ್ಧಾಂತವನ್ನು ಆಡಿರುತ್ತಾನೆ. ವಾಪಸು ಬರುವಾಗ ಅದೇ ಚೀಲಗಳಲ್ಲಿ ಖಾಲಿ ಡಬ್ಬ, ಮೊಮ್ಮಗನಿಗೆ ಚಿಕ್ಕದಾದ ಟೀ ಶರ್ಟು, ಸೊಸೆ ಬೇಡವೆಂದ ಮಿಕ್ಸಿ. ಬೆಳಕವಾಡಿ ಕಡೆಯ ಗದ್ದೆಯ ಬೆದರುಬೊಂಬೆ ಇಂಗ್ಲಿಷ್ ಅಕ್ಷರದ ಟೀ ಶರ್ಟು ಹಾಕಿಕೊಂಡು ನಿಂತಿದ್ದರೆ ಅದರ ಮೂಲ ಹುಡುಕಲು ಬಹಳ ದೂರ ಹೋಗಬೇಕಿಲ್ಲ.

ದಾರಿಗಳು ಮೂರು. ಮಗ ಬೆಂಗಳೂರಿನಲ್ಲಿದ್ದರೆ ಮಳವಳ್ಳಿಯಿಂದ ಹಲಗೂರು, ಸಾತನೂರು, ಕನಕಪುರ. ಮಗಳು ಮೈಸೂರಿನಲ್ಲಿದ್ದರೆ ಕಿರುಗಾವಲು, ಬನ್ನೂರು. ಮದ್ದೂರಿನಲ್ಲಿ ಬೀಗರಿದ್ದರೆ ಕೆ.ಎಂ. ದೊಡ್ಡಿಯ ಮೇಲೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮದ್ದೂರನ್ನು ಊರೊಳಗೆ ಇಳಿಯದೆಯೇ ಮುಗಿಸಿಕೊಂಡು ಹೋಗುತ್ತದೆ. ಕಾರಿನವರಿಗೆ ಮದ್ದೂರು ವಡೆ ಈಗ ನಿರ್ಧಾರ ಮಾಡಿ ಇಳಿಯಬೇಕಾದ ವಿಷಯ. ಊರೊಳಗೆ ಬರುವ ಕೆಂಪು ಬಸ್ಸಿನವರಿಗೆ ಅದು ಕಿಟಕಿಯ ಬಳಿಗೇ ಬರುತ್ತದೆ. ಚಿರೋಟಿ ರವೆ, ಅಕ್ಕಿಹಿಟ್ಟು, ಈರುಳ್ಳಿಯ ಈ ವಡೆ ಮಧ್ಯಾಹ್ನ ಕೊಂಡರೆ ರಾತ್ರಿಗೂ ಕೆಡದು. ಆರ್.ವಿ.ಯವರು ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವ ಫ್ರಿಜ್ಜು ಏಕೆ ಹೊತ್ತು ತಿರುಗುತ್ತಾರೋ ತಿಳಿಯದು.

ಅವ್ವ ಆರ್.ವಿ.ಯನ್ನು ಪ್ರತ್ಯಕ್ಷ ಕಂಡದ್ದೂ ಉಂಟು. ಇನ್ನೊಬ್ಬ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದಾಗ, ಅಳಿಯ ಬಾಡಿಗೆಗೆ ಒಂದನ್ನು ತಂದು ಎಲ್ಲರನ್ನೂ ಕೂರಿಸಿಕೊಂಡು ಹೋದ. ಒಳಗೆ ಹತ್ತಿ ಸುತ್ತ ಕಣ್ಣಾಡಿಸಿದ ಅವ್ವ ಕೊಟ್ಟ ತೀರ್ಪು: “ಅಲ್ಲ ಕನ್ರೀ, ಒಲೆನೂ ಇಲ್ಲೇ ಅದೆ, ಕಕ್ಕಸೂ ಇಲ್ಲೇ ಅದೆ, ಎಲ್ಡಕ್ಕೂ ಒಂದೇ ಗ್ವಾಡೆ. ಇದ್ರಲ್ಲಿ ದೇವ್ರ ಪಟ ಎಲ್ಲಿಕ್ಕದು?” ಮೇಷ್ಟ್ರಿಗೆ ಬೇರೆಯದೇ ಚಿಂತೆ. ಬಚ್ಚಲಿನ ನೀರಿಗೆ ಒಂದು ತೊಟ್ಟಿ, ಕಕ್ಕಸಿನದಕ್ಕೆ ಇನ್ನೊಂದು ತೊಟ್ಟಿ. ತುಂಬಿದಾಗ ಯಜಮಾನನೇ ಕೈಗವಸು ತೊಟ್ಟು, ಕೊಳವೆ ಜೋಡಿಸಿ, ಗೊತ್ತುಪಡಿಸಿದ ಜಾಗದಲ್ಲಿ ಬರಿದು ಮಾಡಬೇಕು. ಇದಕ್ಕಾಗಿಯೇ ಮನೆ ಮಾರಿದವರ ಬಗ್ಗೆ ಅವರಿಗೆ ಗೌರವ ಹುಟ್ಟಿತು. ಆಸೆ ಹುಟ್ಟಲಿಲ್ಲ.

ಹಾಗೆಂದು ಬಿಡಾರ ಹೂಡುವುದು ನಮ್ಮವರಿಗೆ ಗೊತ್ತಿಲ್ಲವೆಂದಲ್ಲ. ಅರಿಜೋನದ ಕ್ವಾರ್ಟ್ಸ್‌ಸೈಟ್ ಎಂಬ ಮರುಭೂಮಿಯ ಊರಿನಲ್ಲಿ ಪ್ರತಿ ಜನವರಿ ಆರ್.ವಿ.ಯವರ ದೊಡ್ಡ ಜಾತ್ರೆ ನೆರೆಯುತ್ತದೆ. ಸುಮಾರು ಅದೇ ಹೊತ್ತಿಗೆ, ಬನದ ಹುಣ್ಣಿಮೆಗೆ, ಹೊಳೆಯಾಚೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಜಾತ್ರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದವರು ಹೋಗಿ ಚಂದ್ರಮಂಡಲ ಎಂಬ ಕಟ್ಟಣೆಗೆ ಬೆಂಕಿ ಮುಟ್ಟಿಸಿದರೆ ಐದು ದಿನದ ಜಾತ್ರೆ ಶುರು. ಹಿಂದೆ ಕಮಾನುಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು, ಈಗ ಟ್ರ್ಯಾಕ್ಟರು, ಗೂಡ್ಸ್ ಆಟೊ. ಬಯಲಲ್ಲಿ ಟಾರ್ಪಾಲು ಎಳೆದು ಕಟ್ಟಿ, ಮೂರು ಕಲ್ಲಿಟ್ಟು ಒಲೆ ಹೂಡಿದರೆ ಬಿಡಾರವಾಯಿತು. ನಾಲ್ಕನೆಯ ದಿನ ಪಂಕ್ತಿಸೇವೆ. ಯಾರ ಬಿಡಾರದಲ್ಲಿ ಯಾರು ಉಂಡರು ಎಂದು ಕೇಳುವವರಿಲ್ಲ. ರಾತ್ರಿಯಿಡೀ ನೀಲಗಾರರ ಪದ, ತಂಬೂರಿ, ಗಗ್ಗರ. ಕ್ವಾರ್ಟ್ಸ್‌ಸೈಟಿಗೆ ಹೋದವರು ಅಕ್ಕಪಕ್ಕದ ಗಾಡಿಯವರೊಡನೆ ಸ್ನೇಹವಾಯಿತೆಂದು ಸಂತೋಷಪಡುತ್ತಾರೆ. ಚಿಕ್ಕಲ್ಲೂರಿನಲ್ಲಿ ಅವ್ವ ಅಕ್ಕಪಕ್ಕದವರ ಮೂರು ತಲೆಮಾರಿನ ನೆಂಟಸ್ತಿಕೆ ಕೆದಕಿ, ಬರುವ ಮೊದಲು ಒಂದು ಸಂಬಂಧವನ್ನೂ ಕುದುರಿಸಿಕೊಂಡು ಬರುತ್ತಾಳೆ. ಈ ಐದು ದಿನ ಮಾತ್ರ ದಂಪತಿ ತಾವಾಗಿ ಹೊರಡುವುದು, ಯಾರ ಫೋನಿಗೂ ಅಲ್ಲ.

ಉಳಿದ ದಿನಗಳ ಪಂಚಾಂಗವನ್ನು ಬೇರೆಯವರು ಬರೆಯುತ್ತಾರೆ. ನಾಲೆಗೆ ನೀರು ಬಿಟ್ಟರೆ ನಾಟಿಗೆ ಊರಿಗೆ ಬರಬೇಕು. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗವಾದ್ದರಿಂದ ನೀರು ಬರುವ ದಿನವನ್ನು ಯಾರೂ ಖಚಿತವಾಗಿ ಹೇಳಲಾರರು, ಹಾಗಾಗಿ ಚೀಲ ಸದಾ ಕಟ್ಟಿಯೇ ಇರುತ್ತದೆ. ಮೊಮ್ಮಗಳ ಪರೀಕ್ಷೆಗೆ ಬೆಂಗಳೂರು. ಮಗಳ ಮನೆಯಲ್ಲಿ ಕೆಲಸದವಳು ಬಿಟ್ಟರೆ ಮೈಸೂರು. ನವೆಂಬರಿನಲ್ಲಿ, ತಾವು ಬದುಕಿದ್ದೇವೆಂದು ರುಜುವಾತು ಮಾಡಲು, ಪಿಂಚಣಿ ಬರುವ ಬ್ಯಾಂಕು. 2014ರಿಂದ ಬೆರಳೊತ್ತಿ ಡಿಜಿಟಲ್ ಆಗಿ ಕೊಡುವ ಜೀವನ್ ಪ್ರಮಾಣ್ ವ್ಯವಸ್ಥೆ ಬಂದಿದೆ ನಿಜ. ಆದರೆ ಚಾಕ್‌ಪೀಸು ಹಿಡಿದು ಸವೆದ ಮೇಷ್ಟ್ರ ಬೆರಳಿನ ಗುರುತು ಯಂತ್ರಕ್ಕೆ ಸಿಗುವುದಿಲ್ಲ. ಬದುಕಿರುವುದನ್ನು ಮುಖತಃ ಹೋಗಿ ಹೇಳಬೇಕು.

ವಿಳಾಸದ ಪ್ರಶ್ನೆ ಇಲ್ಲೇ ಬರುತ್ತದೆ. ಸದಾ ರಸ್ತೆಯಲ್ಲಿರುವ ಅಮೆರಿಕನ್ನರು ದಕ್ಷಿಣ ಡಕೋಟ ರಾಜ್ಯದಲ್ಲಿ ಒಂದು ರಾತ್ರಿ ತಂಗಿದ ರಸೀದಿ ತೋರಿಸಿ ಅಲ್ಲಿಯ ನಿವಾಸಿಗಳಾಗುವ ಉಪಾಯ ಕಂಡುಕೊಂಡರು. ಅವರಿಗೆ ವಿಳಾಸವಿಲ್ಲದ ಕಷ್ಟ. ನಮ್ಮವರದು ವಿಳಾಸ ಹೆಚ್ಚಾದ ಕಷ್ಟ: ಪಡಿತರ ಚೀಟಿ ಬೆಳಕವಾಡಿಯಲ್ಲಿ, ಸಕ್ಕರೆ ಕಾಯಿಲೆಯ ಡಾಕ್ಟರು ಮೈಸೂರಿನಲ್ಲಿ, ಕನ್ನಡಕ ಮರೆತುಬಂದದ್ದು ಬೆಂಗಳೂರಿನಲ್ಲಿ. ಮೂರು ಮನೆ ಇರುವವರಿಗೆ ಬೀಗದ ಕೈ ಇರುವುದು ಒಂದಕ್ಕೆ ಮಾತ್ರ. ಆ ಮನೆಗೆ ಬಂದು ಬಾಗಿಲು ತೆರೆದು, ಜೇಡರ ಬಲೆ ತೆಗೆಯುವಷ್ಟರಲ್ಲಿ ಎದುರುಮನೆಯವರು ಕೇಳುತ್ತಾರೆ: “ಯಾವಾಗ್ ಬಂದ್ರಿ ಮೇಷ್ಟ್ರೇ?” ಉತ್ತರಕ್ಕೆ ಕಾಯದೆ ಎರಡನೆಯದು: “ಮತ್ತ್ಯಾವಾಗ್ ಹೋಯ್ತೀರಿ?”

ಹೀಗೆ ಬಂದು ಹೋಗುವ ಜೋಡಿಗಳು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಬರುತ್ತವೆ, ಹಕ್ಕಿಗಳವು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಚಳಿಗಾಲದ ಹೊತ್ತಿಗೆ ಬಂದು, ಊರ ನಡುವಿನ ಹುಣಸೆ, ಅತ್ತಿ, ಆಲದ ಮರಗಳಲ್ಲಿ ಗೂಡು ಕಟ್ಟಿ, ಮರಿ ಬೆಳೆಸಿಕೊಂಡು ಮಳೆಗಾಲಕ್ಕೆ ಮುಂಚೆ ಹೋಗುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಇದನ್ನು ಗುರುತಿಸಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿರುವ ಮರವನ್ನು ಉಳಿಸಿಕೊಂಡದ್ದಕ್ಕೆ ಮರದ ಒಡೆಯರಿಗೆ ಇಲಾಖೆ ಹಣವನ್ನೂ ಕೊಡುತ್ತದೆ. ಹಕ್ಕಿಯ ಸಂಚಾರಕ್ಕೆ ದಕ್ಕಿದ ಈ ಮರ್ಯಾದೆ ಮೇಷ್ಟ್ರು ಅವ್ವನಿಗೆ ಇನ್ನೂ ದಕ್ಕಿಲ್ಲ. ಆದರೂ ಹಕ್ಕಿಗಳಿಗಿಂತ ಇವರ ಸ್ಥಿತಿ ಒಂದು ವಿಷಯದಲ್ಲಿ ವಿಚಿತ್ರ: ಹಕ್ಕಿ ತನ್ನ ಮರಿ ಹಾರಿದ ಮೇಲೆ ಹೊರಡುತ್ತದೆ, ಇವರು ಹಾರಿಹೋದ ಮರಿಗಳ ಮರಿ ಸಾಕಲು ಹೊರಡುತ್ತಾರೆ.

ಹೀಗೆ ಇಷ್ಟೆಲ್ಲ ಲಕ್ಷಣಗಳು ಕೂಡಿಬಂದಿರುವುದರಿಂದ ಕೆಂಪು ಬಸ್ಸನ್ನು ಆರ್.ವಿ. ಎಂದೂ, ಬೆಳಕವಾಡಿಯ ದಂಪತಿಯನ್ನು ಪೂರ್ಣಾವಧಿ ಸಂಚಾರಿಗಳೆಂದೂ ಈ ಪ್ರಬಂಧ ಘೋಷಿಸುತ್ತದೆ. ಒಂದು ಲಕ್ಷಣ ಮಾತ್ರ ಹೊಂದುವುದಿಲ್ಲ. ಆರ್.ವಿ.ಯಲ್ಲಿ, ಅವ್ವನಿಗೆ ಹೇಸಿಗೆಯಾದರೂ, ಕಕ್ಕಸು ಇದೆ. ಕೆಂಪು ಬಸ್ಸಿನಲ್ಲಿ ಇಲ್ಲ. ಬೆಂಗಳೂರಿಗೆ ಹೊರಡುವ ದಿನ ಅವ್ವ ಬೆಳಗಿನ ಕಾಫಿ ಬಿಡುತ್ತಾಳೆ, ನೀರು ಬಿಡುತ್ತಾಳೆ, ಬಿ.ಪಿ. ಮಾತ್ರೆಯನ್ನು ಒಂದು ಗುಟುಕಿನಲ್ಲಿ ನುಂಗಿ ಬಾಟಲಿಯನ್ನು ಚೀಲದ ತಳಕ್ಕೆ ತಳ್ಳುತ್ತಾಳೆ. ಟಿಕೆಟ್ಟು ಪುಕ್ಕಟೆ ಮಾಡಿದವರಲ್ಲಿ ಆದ್ದರಿಂದ ಇಷ್ಟು ಕೋರಿಕೆ: ಮಳವಳ್ಳಿ, ಹಲಗೂರು, ಕನಕಪುರ, ಬನ್ನೂರಿನಂಥ ನಿಲ್ದಾಣಗಳಲ್ಲಿ ಹೆಂಗಸರ ಶೌಚಾಲಯ ಮೊದಲ ಬಸ್ಸಿಗಿಂತ ಮುಂಚೆ ಬಾಗಿಲು ತೆರೆದಿರಲಿ, ನಲ್ಲಿಯಲ್ಲಿ ನೀರಿರಲಿ, ಮತ್ತು ಅಲ್ಲಿಗೆ ಹೋಗಿ ಬರುವವರೆಗೆ ಬಸ್ಸು ಐದು ನಿಮಿಷ ನಿಲ್ಲಲಿ.