ಅಂತಿಮರಾಯರು

ರಾಯರು ಬ್ಯಾಂಕಿನಿಂದ ನಿವೃತ್ತರಾದರೂ ಆಡಿಟ್ ಅವರನ್ನು ಬಿಟ್ಟಿಲ್ಲ. ಸದ್ಯಕ್ಕೆ ಅವರ ತಪಾಸಣೆಗೆ ಸಿಕ್ಕಿಕೊಂಡಿರುವುದು ಟೀವಿ ಧಾರಾವಾಹಿಗಳು, ಅದರಲ್ಲೂ ಅವುಗಳ ಕೊನೇ ಸಂಚಿಕೆ. ಹಳೇ ಎಲ್‌ಐಸಿ ಡೈರಿಯೊಂದಕ್ಕೆ ಸ್ಕೇಲಿಟ್ಟು ಗೆರೆ ಎಳೆದು, ಕ್ರಮಸಂಖ್ಯೆ, ಹೆಸರು, ಒಟ್ಟು ಸಂಚಿಕೆ, ಅಂತ್ಯಕ್ಕೆ ಬಿದ್ದ ಅಂಕ, ಷರಾ ಎಂದು ಕಾಲಂ ಹಾಕಿಕೊಂಡಿದ್ದಾರೆ. ಷರಾ ಮಾತ್ರ ಕೆಂಪು ಇಂಕಿನಲ್ಲಿ. ‘ಬ್ರೇಕಿಂಗ್ ಬ್ಯಾಡ್, 62, ಒಂಬತ್ತೂವರೆ. ಲೆಕ್ಕ ಚುಕ್ತಾ.’ ಅದರ ಕೆಳಗೆ: ‘ಡೆಕ್ಸ್‌ಟರ್. ಅಷ್ಟು ಕೊಲೆ ಮಾಡಿದವನನ್ನು ಮರ ಕಡಿಯಲು ಕಳಿಸಿದ್ದಾರೆ. ವಿವರಣೆ ಕೇಳತಕ್ಕದ್ದು.’ ಪಾರ್ಕಿನ ಗೆಳೆಯರು ಅವರನ್ನು ಅಂತಿಮರಾಯರು ಅಂತಲೇ ಕರೆಯುವುದು. ಎದುರಿಗೇ ಕರೆಯುತ್ತಾರೆ, ಅವರಿಗೂ ಬೇಜಾರಿಲ್ಲ.

ಈ ಪೈಕಿಯವರು ಈಗ ಎಲ್ಲ ಬಡಾವಣೆಯಲ್ಲೂ ಇದ್ದಾರೆ. ಇಪ್ಪತ್ತೈದರ ಹುಡುಗನಾದರೆ ಆಫೀಸಿನ ಕಾಫಿ ಮೆಷಿನ್ ಹತ್ತಿರ ಸಿಗುತ್ತಾನೆ, ಅರವತ್ತೈದು ದಾಟಿದವರಾದರೆ ಪಾರ್ಕಿನ ಕಲ್ಲುಬೆಂಚಿನ ಮೇಲೆ. ಯಾವುದೋ ಸೀರೀಸ್ ನೋಡ್ತಿದ್ದೀನಿ ಅಂತ ನೀವು ಬಾಯಿ ಬಿಟ್ಟರೆ ಸಾಕು. “ಮೂರನೇ ಸೀಸನ್‌ನಲ್ಲಿದ್ದೀರಾ? ನೋಡಿ, ನೋಡಿ. ಕೊನೇದರ ಬಗ್ಗೆ ನಾನೇನೂ ಹೇಳಲ್ಲಪ್ಪ” ಎಂದು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರಿನಲ್ಲೇ ನಾಯಕ ಸಾಯುವುದು, ನಾಯಕಿ ಕೈಕೊಡುವುದು ಎರಡೂ ನಿಮಗೆ ತಿಳಿದುಹೋಗಿರುತ್ತದೆ.

ರಾಯರಿಗೆ ಈ ರೋಗ ತಗುಲಿದ್ದು ನ್ಯೂಜೆರ್ಸಿಯಲ್ಲಿ. ಸೊಸೆಯ ಬಾಣಂತನಕ್ಕೆಂದು ದಂಪತಿ ಅಲ್ಲಿಗೆ ಹೋದರು. ಬಾಣಂತನ ಮಾಡಿದ್ದು ಅಮ್ಮಾವ್ರು. ರಾಯರ ಪಾಲಿಗೆ ಬಂದದ್ದು ಸೋಫಾ, ತೊಡೆಯ ಮೇಲೆ ಮಲಗಿದ ಮೊಮ್ಮಗ ಮತ್ತು ಅದೇ ನ್ಯೂಜೆರ್ಸಿಯ ಮಾಫಿಯಾ ಸಂಸಾರದ ಕಥೆ ‘ದಿ ಸೊಪ್ರಾನೋಸ್’, 86 ಸಂಚಿಕೆ. ಮಗು ಏಳಬಾರದೆಂದು ದನಿ ಅಡಗಿಸಿ, ಸಬ್‌ಟೈಟಲ್ ಓದಿಕೊಂಡೇ ಅಷ್ಟೂ ಹೆಣ ಎಣಿಸಿದರು.

ಕೊನೇ ಸಂಚಿಕೆಯ ದಿನ ಅಮ್ಮಾವ್ರು ಪಕ್ಕದಲ್ಲೇ ಕೂತು ಮಗುವಿನ ಬಟ್ಟೆ ಮಡಚುತ್ತಿದ್ದರು. ಪರದೆಯ ಮೇಲೆ ಟೋನಿ ಸೊಪ್ರಾನೋ ಹೋಟೆಲಿನಲ್ಲಿ ಕೂತಿದ್ದಾನೆ. ಹೆಂಡತಿ ಬಂದಳು, ಮಗ ಬಂದ, ಬುಟ್ಟಿಯಲ್ಲಿ ಈರುಳ್ಳಿ ರಿಂಗ್ಸೂ ಬಂತು. ಜಾಕೆಟ್ ತೊಟ್ಟ ಅಪರಿಚಿತನೊಬ್ಬ ಎದ್ದು ಬಚ್ಚಲ ಕಡೆ ಹೋದ. ಹೊರಗೆ ಮಗಳು ಕಾರು ಪಾರ್ಕ್ ಮಾಡಲು ಒದ್ದಾಡುತ್ತಿದ್ದಾಳೆ. ಬಾಗಿಲ ಗಂಟೆ ಸದ್ದಾಯಿತು, ಟೋನಿ ತಲೆ ಎತ್ತಿದ, ಪರದೆ ಕಪ್ಪಾಯಿತು.

“ಕರೆಂಟ್ ಹೋಯ್ತಾ?” ಅಂದರು ಅಮ್ಮಾವ್ರು. ಅಮೆರಿಕದಲ್ಲೂ ಹೋಗುತ್ತಲ್ಲ ಎಂಬ ಸಂತೋಷ ಆ ದನಿಯಲ್ಲಿತ್ತು.

“ಹೋಗಿಲ್ಲ ಕಣೇ. ಇದೇ ಮುಕ್ತಾಯ!”

“ಹಂಗಾದ್ರೆ ಅವನು ಸತ್ತನೋ, ಬದುಕಿದನೋ?”

“ಅದನ್ನ ಹೇಳಬಾರದು. ಅದೇ ಕಲೆ.”

“ಒಟ್ಟಿನಲ್ಲಿ ಆ ಹುಡುಗಿ ಕಾರು ನಿಲ್ಲಿಸಿ ಒಳಗೆ ಓಡಿಬಂದಳಲ್ಲ, ಸದ್ಯ. ನಮ್ಮ ಮಲ್ಲೇಶ್ವರದ ಎಂಟನೇ ಕ್ರಾಸ್ ಆಗಿದ್ದಿದ್ದರೆ ಇನ್ನೂ ಸುತ್ತು ಹಾಕ್ತಾನೇ ಇರ್ತಿದ್ದಳು.”

ಅಮ್ಮಾವ್ರನ್ನು ನೋಡಿ ನಗುವ ಹಾಗಿಲ್ಲ. 2007ರ ಜೂನ್ 10ರಂದು ಅದು ಮೊದಲ ಸಲ ಪ್ರಸಾರವಾದಾಗ, ಅಮೆರಿಕದಲ್ಲೇ ಎಷ್ಟೋ ಮಂದಿ ಕೇಬಲ್ ಕೈಕೊಟ್ಟಿತೆಂದು ಟೀವಿಯನ್ನು ಬೈದಿದ್ದರು. ರಾಯರು ಮಾತ್ರ ತಾವು ನೋಡಿದ ದಿನದಿಂದ ಆ ಹತ್ತು ಸೆಕೆಂಡಿನ ಕತ್ತಲೆಯ ಮೇಲೆ ಗಂಟೆಗಟ್ಟಲೆ ಬೆಳಕು ಚೆಲ್ಲುತ್ತಾ ಬಂದಿದ್ದಾರೆ. ಮುಂದಿನ ಭಾನುವಾರವೇ ಮಗನನ್ನು ಕಾಡಿ, ಆ ದೃಶ್ಯ ತೆಗೆದ ಬ್ಲೂಮ್‌ಫೀಲ್ಡಿನ ಹೋಲ್‌ಸ್ಟೆನ್ಸ್ ಎಂಬ ಐಸ್‌ಕ್ರೀಮ್ ಅಂಗಡಿಗೆ ಹೋಗಿ, ಟೋನಿ ಕೂತ ಜಾಗದಲ್ಲೇ ಕೂತು ಈರುಳ್ಳಿ ರಿಂಗ್ಸ್ ತಿಂದು ಬಂದರು. ಸೋಡ ಕಮ್ಮಿ, ಓಮಕಾಳು ಇಲ್ಲವೇ ಇಲ್ಲ ಎನ್ನುವುದು ಅಮ್ಮಾವ್ರ ಷರಾ. 2024ರಲ್ಲಿ ಅಂಗಡಿಯವರು ಆ ಆಸನವನ್ನು ಹರಾಜಿಗಿಟ್ಟಾಗ 82,600 ಡಾಲರಿಗೆ ಹೋಯಿತು, ನಮ್ಮ ದುಡ್ಡಿನಲ್ಲಿ ಸುಮಾರು 68 ಲಕ್ಷ. “ನಾನು ಕೂತಿದ್ದ ಸೀಟು!” ಎಂದು ರಾಯರು ಪಾರ್ಕಿನಲ್ಲಿ ಸುದ್ದಿ ತೋರಿಸಿದ ರೀತಿ ನೋಡಿದರೆ, ಬೆಲೆ ಏರಿದ್ದರಲ್ಲಿ ಅವರದೂ ಒಂದು ಪಾಲು ಇದ್ದಂತಿತ್ತು.

ಅವರ ಬಾಯಿಗೆ ಸಿಕ್ಕಿ ನುಚ್ಚುನೂರಾದದ್ದು ‘ಗೇಮ್ ಆಫ್ ಥ್ರೋನ್ಸ್’. 2019ರ ಮೇ ತಿಂಗಳು, ಸೋಮವಾರ ಬೆಳಗ್ಗೆ ಆರೂವರೆ. ಅಮೆರಿಕದ ಭಾನುವಾರ ರಾತ್ರಿ ನಮಗೆ ಸುಪ್ರಭಾತದ ಹೊತ್ತು. ರಾಯರು ಸ್ನಾನ ಮುಗಿಸಿ, ಪೂಜೆ ಮುಂದಕ್ಕೆ ಹಾಕಿ, ಕಾಫಿ ಲೋಟ ಹಿಡಿದು ಕೂತರು. ಎಂಟು ಗಂಟೆಗೆ ಪಾರ್ಕಿಗೆ ಬಂದಾಗ ಮುಖ ಠೇವಣಿ ಕಳಕೊಂಡ ಅಭ್ಯರ್ಥಿಯದು. “73 ಸಂಚಿಕೆ! ಎಂಟು ವರ್ಷದ ಬಂಡವಾಳ! ಯುದ್ಧ ಮಾಡಿದವರನ್ನೆಲ್ಲ ಬಿಟ್ಟು ಪಟ್ಟ ಕಟ್ಟಿದ್ದು ಮೂಲೆಯಲ್ಲಿ ಕೂತು ಕನಸು ಕಾಣ್ತಿದ್ದ ಬ್ರಾನ್‌ಗೆ!” ಡೈರಿಯಲ್ಲಿ ಎರಡನೇ ಸ್ಥಾನದಿಂದ ನೇರ ಇಪ್ಪತ್ಮೂರಕ್ಕೆ ಹಿಂಬಡ್ತಿ. ಷರಾ: ‘ಎನ್‌ಪಿಎ. ವಸೂಲಾತಿ ಅಸಾಧ್ಯ.’ ಕೊನೇ ಸೀಸನ್ನನ್ನು ಮತ್ತೆ ತೆಗೆಯಿರಿ ಎಂಬ ಆನ್‌ಲೈನ್ ಅರ್ಜಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ರುಜು ಹಾಕಿದ್ದರು. ಅದರಲ್ಲಿ ಒಂದು ರಾಯರದು. ನಮ್ಮ ರಸ್ತೆಯ ಗುಂಡಿಯ ಅರ್ಜಿಗೆ ಅವರ ರುಜು ಪಡೆಯಲು ನಾವು ಮೂರು ಸಲ ಅವರ ಮನೆಗೆ ಹೋಗಬೇಕಾಯಿತು ಎನ್ನುವುದು ಬೇರೆ ಮಾತು.

ರಾಯರ ತೀರ್ಪುಗಳಿಗೆಲ್ಲ ಮೇಲ್ಮನವಿ ಹೋಗುವುದು ಅಡುಗೆಮನೆಗೆ. ‘ಸಿಕ್ಸ್ ಫೀಟ್ ಅಂಡರ್’ ಶವಸಂಸ್ಕಾರ ನಡೆಸುವ ಕುಟುಂಬದ ಕಥೆ. 2005ರ ಅದರ ಕೊನೇ ಸಂಚಿಕೆಯಲ್ಲಿ ಮುಖ್ಯ ಪಾತ್ರಗಳೆಲ್ಲ ಮುಂದೆ ಯಾವಾಗ, ಹೇಗೆ ಸಾಯುತ್ತಾರೆಂದು ಒಂದೊಂದಾಗಿ ತೋರಿಸುತ್ತಾರೆ, ಕಿರಿಯ ಮಗಳು 2085ರಲ್ಲಿ. ರಾಯರು ಗದ್ಗದಿತರಾಗಿ ಹತ್ತಕ್ಕೆ ಹತ್ತು ಕೊಟ್ಟರು. “ಎಲ್ಲರ ತಿಥೀನೂ ಒಂದೇ ದಿನ ಮುಗಿಸಿಬಿಟ್ಟರಲ್ಲ, ಪುರೋಹಿತರಿಗೂ ಅನುಕೂಲ” ಎಂದರು ಅಮ್ಮಾವ್ರು. ‘ಮ್ಯಾಶ್’ ಬಗ್ಗೆ ರಾಯರು ಭಾಷಣ ಬಿಗಿದರು: 1983ರ ಫೆಬ್ರವರಿ 28ರ ಅಂತಿಮ ಸಂಚಿಕೆಯನ್ನು ಹತ್ತು ಕೋಟಿಗೂ ಹೆಚ್ಚು ಅಮೆರಿಕನ್ನರು ನೋಡಿದರು, ಅದರ ಕಥೆಯ ಕೊರಿಯಾ ಯುದ್ಧ ನಡೆದದ್ದು ಮೂರು ವರ್ಷ, ಧಾರಾವಾಹಿ ಓಡಿದ್ದು ಹನ್ನೊಂದು ವರ್ಷ. ಅಮ್ಮಾವ್ರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅವರು ನೋಡುವ ಸೀರಿಯಲ್ಲಿನಲ್ಲಿ ಒಂದು ಸೀಮಂತವೇ ಮೂರು ವಾರ ನಡೆದಿತ್ತು.

ನನಗೂ ರಾಯರಿಗೂ ಜಟಾಪಟಿ ಬೀಳುವುದು ‘ಮಾಲ್ಗುಡಿ ಡೇಸ್’ ವಿಷಯದಲ್ಲಿ. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದದ್ದಕ್ಕೆ ಈ ಡೈರಿಯಲ್ಲಿ ಜಾಗವಿಲ್ಲ. ಬಹುತೇಕ ಕಥೆಗಳು ಅವತ್ತಿಗೆ ಅವತ್ತೇ ಮುಗಿಯುತ್ತಿದ್ದವು, ಹಾಗಾಗಿ ಅಂತಿಮ ಪರಿಶೀಲನೆಗೆ ಅರ್ಹವಲ್ಲವಂತೆ. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ದ ಕೊನೆ ಹೇಗಿತ್ತೆಂದು ಒಂದು ಸಂಜೆ ಕಲ್ಲುಬೆಂಚಿನವರನ್ನು ಕೇಳಿದೆ. ಶೀರ್ಷಿಕೆ ಗೀತೆಯನ್ನು ಎಲ್ಲರೂ ಒಟ್ಟಿಗೆ ಗುನುಗಿದರು, ಕೊನೆ ಒಬ್ಬರಿಗೂ ನೆನಪಿರಲಿಲ್ಲ. ಕೌರವನ ತೊಡೆ ಮುರಿಯುವುದು ಗೊತ್ತಿದ್ದೇ ರಾತ್ರಿಯಿಡೀ ಯಕ್ಷಗಾನದ ಮುಂದೆ ಕೂರುವ ಜನ ನಾವು. ಅಷ್ಟು ಹೇಳಿದ್ದಕ್ಕೆ ರಾಯರು ನನ್ನ ಹೆಸರಿನ ಮುಂದೆ ಏನೋ ಷರಾ ಬರೆದುಕೊಂಡರು.

ಮೊನ್ನೆ ಅಮ್ಮಾವ್ರ ಸೀರಿಯಲ್ಲೂ ಮುಗಿಯಿತು. ಟಿಆರ್‌ಪಿ ಇಳಿಯುತ್ತಿದ್ದದ್ದು ಅವರಿಗೆ ಮೊದಲೇ ವಾಸನೆ ಹೊಡೆದಿತ್ತು: “ಎಂಟು ತಿಂಗಳಿಂದ ಕೋಮಾದಲ್ಲಿದ್ದ ಮಾವ ಮಂಗಳವಾರ ಎದ್ದು ಕೂತ. ಆಗಲೇ ಅಂದ್ಕೊಂಡೆ, ಶನಿವಾರಕ್ಕೆ ಶುಭಂ.” ರಾಯರು ಡೈರಿ ಹಿಡಿದು ಪಕ್ಕದಲ್ಲಿ ಕೂತರು. ವಿಷ ಹಾಕಿದ್ದ ಅತ್ತಿಗೆ ಅತ್ತು ಕಾಲಿಗೆ ಬಿದ್ದಳು, ಎಲ್ಲರೂ ರೇಷ್ಮೆ ಸೀರೆಯಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ರಾಯರು ಹತ್ತಕ್ಕೆ ಎರಡು ಕೊಟ್ಟು, “ಪಾಪಪ್ರಜ್ಞೆಗೆ ಪೂರ್ವಸಿದ್ಧತೆ ಸಾಲದು” ಎಂದು ಬರೆದರು. ಅಮ್ಮಾವ್ರು ಅಂಕ ಕೇಳಲೇ ಇಲ್ಲ. ಸೋಮವಾರ ಅದೇ ಹೊತ್ತಿಗೆ ಹೊಸ ಸೀರಿಯಲ್ ಶುರುವಾಯಿತು. ಶನಿವಾರದ ಅತ್ತಿಗೆಯೇ ಇಲ್ಲಿ ಹೆತ್ತ ತಾಯಿಯಾಗಿ ತುಳಸಿಗೆ ನೀರು ಹಾಕುತ್ತಿದ್ದಳು. ರಾಯರಿಗೆ ತಡೆಯಲಾಗಲಿಲ್ಲ.

“ಏನಿದು ಅನ್ಯಾಯ? ಒಂದು ಮುಗಿದ ಮೇಲೆ ಮೂರು ದಿನವಾದರೂ ಬೇರೆ ಏನೂ ನೋಡಬಾರದು. ಮನಸ್ಸಿಗೆ ಸೂತಕ ಅಂತ ಒಂದು ಇರುತ್ತೆ.”

“ನೀವು ಬೇಕಾದ್ರೆ ಹನ್ನೊಂದು ದಿನ ಆಚರಿಸಿ. ರಿಮೋಟ್ ಇತ್ತ ಕೊಡಿ.”