ಪೆನ್‌ಡ್ರೈವ್ ಪ್ರಕಾಶಿಕೆ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ನಿರೂಪಿಸದೆ ಯಾವ ಶಾಸ್ತ್ರಕ್ಕೂ ಕೈಹಾಕಬಾರದೆಂದು ಪೂರ್ವಾಚಾರ್ಯರು ವಿಧಿಸಿರುವುದರಿಂದ, ಶಿಕಾರಿಪುರ ಸೊರಬ ಸೀಮೆಯ ಕಚೇರಿಗಳಲ್ಲಿ ಮೇಜಿನ ಕೆಳಗೆ ಧೂಳನ್ನೇ ಉತ್ತರೀಯವಾಗಿ ಹೊದ್ದು ಗುಂಯ್‌ಗುಟ್ಟುತ್ತ ಆಸೀನವಾಗಿರುವ ಸರ್ವರ್ ಎಂಬ ಯಂತ್ರದ ಫರ್ಮ್‌ವೇರನ್ನು ಪೆನ್‌ಡ್ರೈವಿನ ಮುಖಾಂತರ ನವೀಕರಿಸುವ ಈ ಗಹನವಿದ್ಯೆಗೂ ಆ ನಾಲ್ಕನ್ನು ಹೇಳಿಯೇ ಮುಂದುವರಿಯತಕ್ಕದ್ದಾಗಿದೆ. ವಿಷಯವು ಯಂತ್ರ ಏಳದಿರುವುದು. ಪ್ರಯೋಜನವು ಅದು ಏಳುವುದು. ಸಂಬಂಧವು ಬೆಂಗಳೂರಿನೊಡನೆ, ದೂರವಾಣಿಯಲ್ಲಿ. ಅಧಿಕಾರಿ ಯಾರೆಂಬುದು ಇನ್ನೂ ನಿರ್ಣಯವಾಗಿಲ್ಲ. ಆ ಕಡತ ಮೇಲಕ್ಕೆ ಹೋಗಿದೆ.

ಫರ್ಮ್‌ವೇರಿನ ಲಕ್ಷಣವನ್ನು ಹೀಗೆ ಗ್ರಹಿಸತಕ್ಕದ್ದು: ಗುಂಡಿಯನ್ನು ಒತ್ತಿದೊಡನೆ, ವಿಂಡೋಸ್ ಲಿನಕ್ಸ್ ಮೊದಲಾದ ವ್ಯಾವಹಾರಿಕ ಪ್ರಪಂಚವು ಕಣ್ತೆರೆಯುವುದಕ್ಕೆ ಮುನ್ನವೇ, ಮದರ್‌ಬೋರ್ಡಿನ ಚಿಪ್ಪಿನೊಳಗಿಂದ ಎಚ್ಚತ್ತು, ಮೆಮೊರಿ ಉಂಟೇ, ಡಿಸ್ಕ್ ಉಂಟೇ, ಫ್ಯಾನ್ ತಿರುಗುತ್ತಿದೆಯೇ ಎಂದು ವಿಚಾರಿಸುವ ಆದಿಮ ಚೈತನ್ಯವೇ ಫರ್ಮ್‌ವೇರ್. ಇದನ್ನು ಅಲಕ್ಷಿಸಬಹುದೇ ಎಂಬ ಪೂರ್ವಪಕ್ಷಕ್ಕೆ 2019ರ ನವೆಂಬರ್ ತಿಂಗಳಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಸಂಸ್ಥೆ ಹೊರಡಿಸಿದ ಎಚ್ಚರಿಕೆಯೇ ಸಿದ್ಧಾಂತ: ಅವರ ಕೆಲವು ಎಸ್.ಎಸ್.ಡಿ.ಗಳು 32,768 ಗಂಟೆ, ಎಂದರೆ 3 ವರ್ಷ 270 ದಿನ 8 ಗಂಟೆ ನಡೆದ ಮೇಲೆ ಫರ್ಮ್‌ವೇರಿನ ದೋಷದಿಂದ ಏಕಾಏಕಿ ಅಸು ನೀಗುವುವೆಂದೂ, ಒಳಗಿದ್ದ ಮಾಹಿತಿ ಹಿಂದಿರುಗಲಾರದೆಂದೂ ಅದರಲ್ಲಿ ಸಾರಿದ್ದರು. ಜ್ಯೋತಿಷಿಗಳಿಗೂ ಸಿದ್ಧಿಸದ ಇಷ್ಟು ನಿಖರವಾದ ಆಯುರ್ದಾಯ ಗಣನೆಯನ್ನು ಕಂಡು ಯಾವಾತನು ತಾನೇ ಆಸ್ತಿಕನಾಗದಿರುವನು?

ಇನ್ನು ದೋಷ ಪ್ರಕರಣ. ಪೆನ್‌ಡ್ರೈವ್ ಚುಚ್ಚಿಯೂ ಯಂತ್ರ ಏಳದಿರುವುದಕ್ಕೆ ಕಾರಣಗಳು ಏಳು ವಿಧ. ಪ್ರತಿಯೊಂದಕ್ಕೂ ಮೂರು ಉಪವಿಧಗಳಿರುವುದರಿಂದ ಒಟ್ಟು 21.

ಮೊದಲನೆಯದು ಲೇಖನದೋಷ. ತಯಾರಕರು ಕೊಟ್ಟ ಐ.ಎಸ್.ಒ. ಕಡತವನ್ನು, ಸಾಹೇಬರ ಮಗನ ಮದುವೆಯ ವಿಡಿಯೊ ಇರುವ ಪೆನ್‌ಡ್ರೈವಿಗೇ ಎಳೆದು ಹಾಕಿದಾತನು ಬೂಟ್ ಆಗಲಿಲ್ಲವೆಂದು ವಿಸ್ಮಯಪಡುವನು. ಕಾಪಿ ಮಾಡುವುದು ಬೇರೆ, ಬೂಟ್ ಆಗುವಂತೆ ಬರೆಯುವುದು ಬೇರೆ. ಎರಡನೆಯದಕ್ಕೆ ರೂಫಸ್ ಮೊದಲಾದ ಉಪಕರಣಗಳುಂಟು. ಇಳಿಸಿಕೊಂಡ ಕಡತ ಅಖಂಡವಾಗಿದೆಯೇ ಎಂದು ತಯಾರಕರು ಕೊಟ್ಟ ಚೆಕ್‌ಸಮ್ಮಿನೊಡನೆ ಹೋಲಿಸಿ ನೋಡುವ ವಿಧಿಯೂ ಉಂಟು. ಅದನ್ನು ಆಚರಿಸಿದವರು ದುರ್ಲಭರು.

ಎರಡನೆಯದು ಪಾತ್ರದೋಷ. ಯು.ಇ.ಎಫ್.ಐ. ಎಂಬ ನವೀನ ಫರ್ಮ್‌ವೇರು ಸಾಮಾನ್ಯವಾಗಿ ಫ್ಯಾಟ್ 32 ಎಂಬ ಪುರಾತನ ಪಾತ್ರೆಯಲ್ಲಿ ಬಡಿಸಿದುದನ್ನೇ ಸ್ವೀಕರಿಸುವುದು. ಆ ಪಾತ್ರೆಯಾದರೋ 4 ಜಿ.ಬಿ. ಮೀರಿದ ಒಂದೇ ಕಡತವನ್ನು ಧರಿಸಲಾರದು. ಕಡತವಾದರೋ ಹಲವು ವೇಳೆ ಅದಕ್ಕಿಂತ ಸ್ಥೂಲಕಾಯದ್ದು.

ಮೂರನೆಯದು ಕ್ರಮದೋಷ. ಯಂತ್ರವು ಮೊದಲು ಯಾವುದನ್ನು ಓದತಕ್ಕದ್ದು ಎಂಬ ಬೂಟ್ ಆರ್ಡರಿನಲ್ಲಿ ಪೆನ್‌ಡ್ರೈವ್ ಕಟ್ಟಕಡೆಯ ಪಂಕ್ತಿಯಲ್ಲಿರುವುದು. ಅದನ್ನು ಮೇಲಕ್ಕೆ ತರಲು ಎಫ್ 11 ಒತ್ತತಕ್ಕದ್ದೆಂದು ಒಂದು ಶಾಖೆಯವರೂ, ಎಫ್ 12 ಎಂದು ಮತ್ತೊಂದು ಶಾಖೆಯವರೂ ವಾದಿಸುವಷ್ಟರಲ್ಲಿ ಯಂತ್ರವು ಆ ಹಂತವನ್ನು ದಾಟಿಬಿಟ್ಟಿರುವುದು. ಇದಕ್ಕೂ ಮೇಲೆ ಸೆಕ್ಯೂರ್ ಬೂಟ್ ಎಂಬುದೊಂದುಂಟು. ಸಹಿಯಿಲ್ಲದ ಅರ್ಜಿಯನ್ನು ಹೊಸಿಲಿನಲ್ಲೇ ತಡೆಯುವ ಜವಾನನಂತೆ ಅದು ಸಹಿಯಿಲ್ಲದ ಪ್ರೋಗ್ರಾಮನ್ನು ಒಳಕ್ಕೆ ಬಿಡದು.

ನಾಲ್ಕನೆಯದು ಪ್ರವಾಹದೋಷ. ಫರ್ಮ್‌ವೇರು ಅರ್ಧ ಬರೆದಿರುವಾಗ, ಆಷಾಢದ ಮಳೆಗೆ ಎಲ್ಲಿಯೋ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು, ಕರೆಂಟು ಹೋಗಿ, ಯು.ಪಿ.ಎಸ್. ಒಮ್ಮೆ ಕಿರುಚಿ ಮೌನವಾದರೆ, ಆ ಯಂತ್ರವು ಹಳೆಯದೂ ಅಲ್ಲದೆ ಹೊಸದೂ ಆಗದೆ ತ್ರಿಶಂಕುವಾಗುವುದು. ಯು.ಪಿ.ಎಸ್.ನ ಬ್ಯಾಟರಿ ಬದಲಿಸುವ ಕಡತವೂ ಮೇಲಕ್ಕೆ ಹೋಗಿದೆ.

ಐದನೆಯದು, ಆರನೆಯದು, ಏಳನೆಯದು ಇವೆ, ಇರಲಿ. ಅವುಗಳ ಉಪವಿಧಗಳನ್ನು ತಿಳಿದು ಯಾರಿಗೂ ಏನೂ ಆಗಬೇಕಾದುದಿಲ್ಲ. ಏಕೆಂದರೆ ಮೇಜಿನ ಕೆಳಗೆ ಯಾವ ದೋಷವಿದ್ದರೂ ಕಚೇರಿಯ ಬಾಗಿಲಿಗೆ ಬೀಳುವ ಚೀಟಿ ಒಂದೇ: ತಾಂತ್ರಿಕ ಕಾರಣಗಳಿಂದ ಸೇವೆ ಲಭ್ಯವಿರುವುದಿಲ್ಲ. ಬಾಯಲ್ಲಿ ಹೇಳುವುದು ಇನ್ನೂ ಚಿಕ್ಕದು: “ಸರ್ವರ್ ಇಲ್ಲಮ್ಮ, ನಾಳೆ ಬಾ.” ಜಡೆಯ ಕಡೆಯಿಂದಲೋ ಚಂದ್ರಗುತ್ತಿಯ ಕಡೆಯಿಂದಲೋ ದಿನದ ಕೂಲಿ ಬಿಟ್ಟು, ಮಗಳ ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯ ಪ್ರಮಾಣಪತ್ರಕ್ಕೆಂದು ಬಂದ ಹೆಂಗಸು, “ನಿನ್ನೆನೂ ಹಿಂಗೇ ಅಂದ್ರಲ್ಲ ಸ್ವಾಮಿ” ಎಂದರೆ ಉತ್ತರ ಕೊಡುವುದಕ್ಕೆ ಈ ಶಾಸ್ತ್ರದಲ್ಲಿ ಪ್ರಕರಣವೇ ಇಲ್ಲ.

ಕಾಲಗಣನೆಯ ಸೂಕ್ಷ್ಮವನ್ನಾದರೂ ನೋಡಿ. 2011ರ ಸಕಾಲ ಅಧಿನಿಯಮದಂತೆ ಪ್ರತಿಯೊಂದು ಸೇವೆಗೂ ಗಡುವುಂಟು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದೆ, ಪರಿಹಾರ ಕೇಳುವ ಹಕ್ಕು ಅರ್ಜಿದಾರನಿಗುಂಟು. ಒಳ್ಳೆಯ ಕಾನೂನು. ಆದರೆ ಗಡುವು ಎಣಿಕೆಗೆ ಬರುವುದು ಅರ್ಜಿ ಸ್ವೀಕೃತವಾಗಿ ಸಂಖ್ಯೆ ಬಿದ್ದಂದಿನಿಂದ; ಆ ಸಂಖ್ಯೆಯನ್ನು ಹಾಕುವುದು ಯಂತ್ರ; ಯಂತ್ರವೋ ಮಲಗಿದೆ. ಆದುದರಿಂದ ಅರ್ಜಿಯು ಹುಟ್ಟಿಲ್ಲ. ಹುಟ್ಟದ ಅರ್ಜಿಗೆ ವಿಳಂಬವೆಂಬುದು ಅಸಂಭವ. ತಾರ್ಕಿಕರು ಮೆಚ್ಚತಕ್ಕ ಯುಕ್ತಿ! ಬಾಗಿಲಲ್ಲಿ ಕುಳಿತು ಸವೆಸಿದ ಆ ದಿನಗಳು ಯಾವ ಕಂಪ್ಯೂಟರಿನಲ್ಲಿಯೂ, ಯಾವ ವರದಿಯಲ್ಲಿಯೂ ಇಲ್ಲ. ಅಂಕಿ ಅಂಶಗಳಲ್ಲಿ ಕಚೇರಿ ನಿಷ್ಕಳಂಕ. ಇದು ಯಂತ್ರದ ದೋಷವಲ್ಲ, ಯಂತ್ರದ ಹಿಂದೆ ಅಡಗಿಕೊಂಡವರ ನಾಚಿಕೆಗೇಡು.

ಹಳೆಯ ಕಾಲವೇ ಮೇಲೆಂದು ನನ್ನ ವಾದವಲ್ಲ. ಭೂಮಿ ಯೋಜನೆಯು 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದ ಮೇಲೆ, ಗ್ರಾಮಲೆಕ್ಕಿಗನ ಲೇಖನಿಯ ಕೃಪೆಯನ್ನು ಕಾಯುವ ದೈನ್ಯ ತಪ್ಪಿತು. ಅದು ಮರಳಿ ಬರಲೆಂದು ಯಾವ ರೈತನೂ ಹಾರೈಸನು. ನಾನು ಕೇಳುವುದು ವಿದ್ಯೆಯ ಪ್ರಯೋಜನ ಯಾರಿಗೆಂಬ ನೆನಪನ್ನು. ಶಿಕಾರಿಪುರಕ್ಕೆ ಅನತಿದೂರದ ಬಳ್ಳಿಗಾವೆಯಲ್ಲಿ ಕೋಡಿಯಮಠವನ್ನು ಹೊಗಳುವ 1162ರ ಶಾಸನವು, ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಅಧ್ಯಯನವನ್ನು ಮೈದುಂಬಿ ಪಟ್ಟಿಮಾಡಿ ಅಷ್ಟಕ್ಕೇ ನಿಲ್ಲದೆ, ದೀನರಿಗೂ ಕುಂಟರಿಗೂ ಕುರುಡರಿಗೂ ಅಲ್ಲಿ ಅನ್ನವುಂಟೆಂದೂ, ರೋಗಿಗಳಿಗೆ ಔಷಧವುಂಟೆಂದೂ ಹೇಳುತ್ತದೆ. ಅಷ್ಟು ಶಾಸ್ತ್ರಗಳನ್ನು ಬಲ್ಲವರಿಗೆ ಬಾಗಿಲಲ್ಲಿ ನಿಂತವರು ಕಾಣುತ್ತಿದ್ದರು.

ಆದುದರಿಂದ, ಕಚೇರಿಗಳನ್ನು ನಡೆಸುವ ಮಹನೀಯರಲ್ಲಿ ವಿನಂತಿ. ನವೀಕರಣವನ್ನು ರಜೆಯ ದಿನ ಮಾಡಿಸಿ. ಪರೀಕ್ಷಿಸಿದ ಪೆನ್‌ಡ್ರೈವ್ ಒಂದನ್ನು ಬೀರುವಿನಲ್ಲಿಡಿ. ಏನು ಕೆಟ್ಟಿದೆ, ಎಂದಿಗೆ ಸರಿಹೋಗುವುದು, ಯಾರನ್ನು ಕೇಳಬೇಕು ಎಂಬುದನ್ನು ಚೀಟಿಯಲ್ಲಿ ಬರೆಯಿರಿ. ಯಂತ್ರ ಮಲಗಿರುವ ದಿನ ಅರ್ಜಿಯನ್ನು ಕೈಯಲ್ಲೇ ತೆಗೆದುಕೊಂಡು, ಅಂದಿನ ತಾರೀಖು ಹಾಕಿ, ಸ್ವೀಕೃತಿ ಕೊಡಿ. ಗಡುವು ಆ ತಾರೀಖಿನಿಂದಲೇ ಎಣಿಕೆಯಾಗಲಿ. ಅದಕ್ಕೆ ಬೇಕಾದದ್ದು ಒಂದು ಪುಸ್ತಕ, ಒಂದು ಲೇಖನಿ, ಒಂದು ಸಹಿ.