ಬೋರಾಯಿತೇ? ಎಷ್ಟು ಅಡಿ?

ಬೇಸಿಗೆ ರಜೆಗೆ ಬೆಂಗಳೂರಿನಿಂದ ಯಗಟಿಗೆ ಬಂದ ತಮ್ಮನ ಮಗಳು ಮೂರನೆಯ ದಿನ ಜಗಲಿಯ ಮೇಲೆ ಕಾಲು ಚಾಚಿ, ‘ದೊಡ್ಡಪ್ಪಾ, ಐ ಆಮ್ ಬೋರಿಂಗ್’ ಅಂದಳು. 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತನಾದವನ ಎದುರು ಇಂಥ ತಪ್ಪು ಮಾಡುವುದೆಂದರೆ ಹಸಿದ ಎತ್ತಿನ ಮುಂದೆ ಹುರುಳಿ ಸುರಿದ ಹಾಗೆ.

‘ಐ ಆಮ್ ಬೋರ್ಡ್ ಅನ್ನಬೇಕು ಮಗಳೇ. ಬೋರಿಂಗ್ ಅಂದರೆ ಬೇರೆಯವರಿಗೆ ಬೇಸರ ಹುಟ್ಟಿಸೋದು. ನಮ್ಮ ಕಡೆ ಬೋರಿಂಗು ಅಂದ್ರೆ ಕೈಪಂಪು. ಇಪ್ಪತ್ತು ಸಲ ಒತ್ತಿದ್ರೆ ಗಾಳಿ, ಆಮೇಲೆ ತುಕ್ಕು, ಆಮೇಲೆ ಒಂದಿಷ್ಟು ನೀರು.’

‘ಹಾಗಾದ್ರೆ ಯು ಆರ್ ಬೋರಿಂಗ್, ದೊಡ್ಡಪ್ಪಾ.’

ವ್ಯಾಕರಣ ಸರಿಯಾಗಿತ್ತು. ಆ ಖುಷಿಯಲ್ಲಿ ದನಿ ತಾನಾಗಿಯೇ ತರಗತಿಯ ಎತ್ತರಕ್ಕೆ ಏರಿತು. ಬೋರ್ ಎಂದರೆ ಹಳೆಯ ಇಂಗ್ಲಿಷಿನ ಕಾಲದಿಂದಲೂ ಕೊರೆಯುವುದು. ಬೇಸರದ ಅರ್ಥ ಕಾಣಿಸಿಕೊಂಡದ್ದು 18ನೆಯ ಶತಮಾನದಲ್ಲಿ. ಎರಡಕ್ಕೂ ನೆಂಟಸ್ತನ ಉಂಟೋ ಇಲ್ಲವೋ ಎಂಬುದು ಇಂಗ್ಲಿಷ್ ನಿಘಂಟಿನವರಿಗೇ ಇತ್ಯರ್ಥವಾಗಿಲ್ಲ. ಕನ್ನಡದಲ್ಲಿ ಆ ತಕರಾರೇ ಇಲ್ಲ. ಮರ ಕೊರೆಯುತ್ತದೆ ಬೈರಿಗೆ, ಮೈ ಕೊರೆಯುತ್ತದೆ ಚಳಿ, ತಲೆ ಕೊರೆಯುತ್ತಾನೆ ಭಾಷಣಕಾರ. 1852-53ರಲ್ಲಿ ಕಂತಿನಲ್ಲಿ ಬಂದ ಡಿಕನ್ಸ್‌ನ ‘ಬ್ಲೀಕ್ ಹೌಸ್’ ಕಾದಂಬರಿಯ ದೊರೆಸಾನಿಗೆ ಬೋರಾಗಿ ಆಗಿ ಜೀವ ಹೋಗುವಷ್ಟಾಗಿರುತ್ತದೆ. ಆಕೆಗೆ ತೆಂಗಿನ ತೋಟ ಇರಲಿಲ್ಲ, ಅದಕ್ಕೆ. ಕೋವಿಯ ನಳಿಗೆಗೂ ಬೋರು, ಬೈಕು ಹೊಗೆ ಉಗುಳಿದರೆ ಮೆಕ್ಯಾನಿಕ್ಕು ಹೇಳುವುದೂ ‘ಇಂಜಿನ್ ಬೋರಿಗೆ ಬಂದಿದೆ’ ಅಂತ. ಸಮುದ್ರದ ಉಬ್ಬರ ಗೋಡೆಯಂತೆ ನದಿಯೊಳಕ್ಕೆ ನುಗ್ಗುವುದೂ ಬೋರೇ, ಕೋಲ್ಕತ್ತದ ಹೂಗ್ಲಿಯಲ್ಲಿ ಅದು ಉಂಟು. ನೀರು ಗ್ಯಾರಂಟಿ ಇರುವ ಬೋರು ಲೋಕದಲ್ಲಿ ಅದೊಂದೇ. ‘ಇನ್ನು ಬೇರ್ ಎಂಬ ಕ್ರಿಯಾಪದದ ಭೂತಕಾಲವೂ ಬೋರ್. ಶೀ ಬೋರ್ ಇಟ್, ಅಂದ್ರೆ ಅವಳು ಸಹಿಸಿಕೊಂಡಳು.’

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಮಗು ಅಷ್ಟು ಹೊತ್ತಿಗೆ ನಿದ್ದೆ ಹೋಗಿತ್ತು.

ಎಚ್ಚರವಾಗಿದ್ದು ಕೇಳಿಸಿಕೊಂಡವರು ಪಕ್ಕದ ಮನೆಯ ಯಜಮಾನರು. ಅವರಿಗೆ ಕಿವಿ ಮಂದ, ಬಾಯಿ ಚುರುಕು. ಕೇಳಿಸಿದ್ದು ಒಂದೇ ಪದ, ಅದೂ ಹತ್ತು ಹದಿನೈದು ಸಲ. ಸಂಜೆ ಹಾಲಿಗೆ ಹೋದರೆ ಡೇರಿ ಮುಂದೆ, ‘ಏನ್ ಮೇಷ್ಟ್ರೇ, ಬೋರ್ ತೆಗಿಸ್ತೀರಂತೆ?’

ಚಿಕ್ಕಮಗಳೂರು ಜಿಲ್ಲೆ ಅಂದ ಕೂಡಲೇ ಪರಸ್ಥಳದವರಿಗೆ ಕಾಫಿ, ಮಂಜು. ಅದೆಲ್ಲ ಗುಡ್ಡದ ಆಚೆಗೆ. ನಮ್ಮ ಕಡೂರು ಸೀಮೆಯದು ತೆಂಗು, ರಾಗಿ, ಮುಗಿಲು ನೋಡುವ ಕತ್ತು. ಇಲ್ಲಿ ಹೆಣ್ಣು ಕೊಡುವವರೂ ಬೋರು ಎಷ್ಟು, ನೀರು ಎಷ್ಟು ಇಂಚು ಎಂದು ಕೇಳುತ್ತಾರೆ. ಇಲ್ಲಪ್ಪಾ, ಅದು ಬೇರೆ ಬೋರು ಎನ್ನಲು ಬಾಯಿ ತೆರೆದೆ. ಆದರೆ ಅಷ್ಟೂ ಜನ ನನ್ನನ್ನು ತೋಟವಿರುವ ಮನುಷ್ಯ ಎಂದು ಮಾತಾಡಿಸಿದ್ದು ಅದೇ ಮೊದಲು. ‘ನೋಡೋಣ, ಪಾಯಿಂಟ್ ಮಾಡಿಸಬೇಕು’ ಅಂದುಬಿಟ್ಟೆ.

ಬೆಳಿಗ್ಗೆ ಲಾರಿಯ ಏಜೆಂಟು ಪಾಯಿಂಟ್ ಮಾಡುವವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಾಜರಾದ. ಅವರು ಜುಟ್ಟಿನ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ತೋಟದಲ್ಲಿ ನಡೆದರು. ಒಂದು ಕಡೆ ಕಾಯಿ ಮೆಲ್ಲಗೆ ಅಲುಗಿ, ಪಟ್ಟನೆ ಎದ್ದು ನಿಂತಿತು. ವಿಜ್ಞಾನದ ಮೇಷ್ಟ್ರ ಜೊತೆ ಸ್ಟಾಫ್‌ರೂಮಿನಲ್ಲಿ ಮೂಢನಂಬಿಕೆ ಬಗ್ಗೆ ವರ್ಷಗಟ್ಟಲೆ ನಕ್ಕವನು ನಾನು. ‘ಒಂದ್ಸಲ ಕೊಡಿ ಇಲ್ಲಿ’ ಅಂದೆ.

ನಂಬಿದರೆ ನಂಬಿ, ನನ್ನ ಅಂಗೈ ಮೇಲೂ ಕಾಯಿ ಎದ್ದಿತು. ಆ ಕ್ಷಣದ ಸುಖ ನಿಮಗೆ ಹೇಗೆ ಹೇಳಲಿ? ಉಂಗುಷ್ಠದಿಂದ ನೆತ್ತಿಯವರೆಗೆ ಜುಂ ಎಂದಿತು. ಪಾಯಿಂಟಿನವರು ಗಂಭೀರವಾಗಿ, ‘ನಿಮ್ ಕೈಯಲ್ಲೂ ಐತೆ ಮೇಷ್ಟ್ರೇ’ ಅಂದರು. ಅವರನ್ನೂ ಏಜೆಂಟನ್ನೂ ಅಲ್ಲೇ ಬಿಟ್ಟು ನಾನೊಬ್ಬನೇ ಕಾಯಿ ಹಿಡಿದು ಹೊರಟೆ. ಬದುವಿನ ಮೇಲೆ ಎದ್ದಿತು. ಕೊಟ್ಟಿಗೆಯ ಬಳಿ ಎದ್ದಿತು, ಎಮ್ಮೆ ನನ್ನನ್ನು ನೋಡಿ ಮುಖ ತಿರುಗಿಸಿತು. ತಿಪ್ಪೆಯ ಮೇಲೂ ಎದ್ದಿತು. ಮನೆಯೊಳಕ್ಕೆ ನಡೆದೆ. ನಡುಮನೆಯಲ್ಲಿ ತಟಸ್ಥ. ದೇವರ ಮನೆ ಬಾಗಿಲಲ್ಲಿ ಸ್ವಲ್ಪ ಓಲಾಡಿತು. ಹಿತ್ತಿಲ ಬಾಗಿಲು ದಾಟಿದ್ದೇ ಕಾಯಿ ಸಿಪಾಯಿಯಂತೆ ನೆಟ್ಟಗೆ ನಿಂತಿತು. ‘ಸಿಕ್ತು! ಭಾರೀ ಸೆಲೆ!’ ಎಂದು ಕೂಗಿದೆ.

‘ಬಚ್ಚಲ ಗುಂಡಿ ಅದು’ ಅಂದಳು ನಮ್ಮನೆಯವಳು. ‘ಕಾಯಿ ಕೊಡಿ ಇತ್ತ, ಚಟ್ನಿಗೆ ಬೇಕು.’

ಇಷ್ಟರ ಮೇಲೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ತಿರುಚೆಂಗೋಡಿನ ಲಾರಿ ರಾತ್ರಿ ಬಂತು. ದಕ್ಷಿಣದ ಊರೂರಿನ ನೆಲ ಕೊರೆಯುವ ಲಾರಿಗಳಿಗೆ ತಮಿಳುನಾಡಿನ ಆ ಊರೇ ತವರು. ಆರೂವರೆ ಇಂಚಿನ ಬಾಯಿ, ಮೊದಲ 300 ಅಡಿಗೆ ಒಂದು ರೇಟು, ಆಮೇಲೆ ನೂರು ನೂರು ಅಡಿಗೆ ಏರುವ ರೇಟು. ಮಗಳಿಗೆ ಮಾತ್ರ ನಿದ್ದೆಯಿಲ್ಲ, ಹಬ್ಬ. ಬೆಳಗಾದಾಗ ಹಟ್ಟಿಯ ತುಂಬ ಬಂಡೆಯ ಬಿಳಿ ಹಿಟ್ಟು. ಒಣಹಾಕಿದ್ದ ಸಂಡಿಗೆಯ ಮೇಲೂ. ‘ಇನ್ನೊಂದು ಐವತ್ತಡಿ ಹೋಗಾಣ ಸಾರ್, ಗ್ಯಾಪ್ ಸಿಗತ್ತೆ’ ಎಂದು ಏಜೆಂಟು ನಾಲ್ಕು ಸಲ ಅಂದ. ಐವತ್ತರ ಮಗ್ಗಿ ಅಷ್ಟು ದುಬಾರಿ ಎಂದು ನನಗೆ ಗೊತ್ತಿರಲಿಲ್ಲ. 860ಕ್ಕೆ ನಿಲ್ಲಿಸಿದೆವು. ಧೂಳು.

ನಮ್ಮಪ್ಪ ಇದೇ ತೋಟದ ಬಾವಿಯಿಂದ ಕೈಯಲ್ಲಿ ಹಗ್ಗ ಹಿಡಿದು ನೀರು ಸೇದುತ್ತಿದ್ದ. ಆ ಬಾವಿಗೆ ಈಗ ತೆಂಗಿನ ಗರಿ ಎಸೆಯುತ್ತೇವೆ. ಇದು ನನ್ನ ಮೂರನೆಯ ಬೋರು. ಮೊದಲನೆಯದು ಸತ್ತಿದೆ, ಎರಡನೆಯದು ಅರ್ಧ ಗಂಟೆ ಓಡಿ ಉಸಿರು ಬಿಡುತ್ತದೆ.

ಲಾರಿ ಹೋದ ಮೇಲೆ ನೋಡುತ್ತೇನೆ, ಮಗಳು ಕೇಸಿಂಗ್ ಪೈಪಿನ ಬಾಯಿಗೆ ಮುಖವಿಟ್ಟು ಕಲ್ಲು ಹಾಕಿ ಎಣಿಸುತ್ತಿದ್ದಾಳೆ. ನನ್ನ ಎದೆ ಧಸಕ್ಕೆಂದಿತು. ಪೈಪಿನ ಮೇಲೆ ಗೋಣಿಚೀಲ ಹೊದಿಸಿ ಕಾಫಿಗೆ ಹೋಗಿದ್ದವನು ನಾನೇ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಮಗು ಬಿದ್ದು ತೀರಿಕೊಂಡದ್ದು ಇಂಥದೇ ಬಾಯಿಗೆ. ಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ಹಾಕಿ ತುಂಬಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಹೇಳಿದ್ದನ್ನು ನಾನೂ ಪೇಪರಿನಲ್ಲಿ ಓದಿ, ಮಡಿಸಿ ಇಟ್ಟವನೇ. ಅವತ್ತು ಮಧ್ಯಾಹ್ನದ ಊಟದ ಮುಂಚೆ ಮಗಳೂ ನಾನೂ ಪುಟ್ಟಿಯಲ್ಲಿ ಆ ಬಿಳಿ ಹಿಟ್ಟನ್ನೇ ಹೊತ್ತು ಸುರಿಯತೊಡಗಿದೆವು. ತುಂಬಲು ಮೂರು ದಿನ ಹಿಡಿಯಿತು. ಹಳೆಯ ಸತ್ತ ಬೋರನ್ನೂ ಮುಚ್ಚಿದೆವು. ಸಂಡಿಗೆಯ ವಿಷಯ ನಮ್ಮನೆಯವಳು ಎತ್ತಲಿಲ್ಲ. ಶೀ ಬೋರ್ ಇಟ್.

ಯಗಟಿ ಕಡೆ ಬಂದರೆ ನಮ್ಮ ಮನೆಗೂ ಬನ್ನಿ, ಪಾಠ ಹೇಳುವುದಿಲ್ಲ. ಹೊತ್ತು ಹೋಗದಿದ್ದರೆ ಬೇಸರ ಅನ್ನಿ, ಬೇಜಾರು ಅನ್ನಿ, ರೇಜಿಗೆ ಅನ್ನಿ. ಆ ಇನ್ನೊಂದು ಪದ ಮಾತ್ರ ಜಗಲಿಯಲ್ಲಿ ಕೂತು ಆಡಬೇಡಿ. ಪಕ್ಕದ ಮನೆ ಯಜಮಾನರು ಗಟ್ಟಿಯಾಗಿದ್ದಾರೆ, ಏಜೆಂಟು ಈಗಲೂ ವಾರಕ್ಕೊಮ್ಮೆ ಫೋನು ಮಾಡುತ್ತಾನೆ.